ಮೊದ್ಲ ಕಿವಿಗೆ ಬಿದ್ದ ರೇಟು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದ.

ಇತ್ತಾಗ ಎಲ್ಲಾರೂ ಆರಾಮ ಅದೀವಿ. ಹೊಸಾ ಕಂಪನಿಯವ್ರು ಎಷ್ಟು ಸಂಬಳ ಬೇಕು ಅಂತ ಕೇಳ್ಯಾರ, 18 ಸಾವಿರದಾಗ ಇದ್ದಾಕಿ 22 ಅಂದ್ರ ಜಾಸ್ತಿ ಆದೀತೇನು ಅಂತ ಫೋನಿನ್ಯಾಗ ಕೇಳಿದಿ. ಅವಾಗ ಏನೂ ಹೇಳಲಿಲ್ಲ. ರಾತ್ರಿ ಮಲಗಿದಾಗ ನಮ್ಮ ಮೆಣಸಿನಕಾಯಿ ನೆನಪಾತು.

ಆ ವರ್ಷದ್ದು ನೆನಪೈತಿಲ್ಲೋ? ಅದರ ಹಿಂದಿನ ಸುಗ್ಗಿಗೆ ನಮ್ಮ ಕಡ್ಡಿ ಕಾಯಿ ಕ್ವಿಂಟಲ್ಲಿಗೆ 40 ಸಾವಿರಕ್ಕ ಹೋಗಿತ್ತು. ಆ ಸಲ ಬ್ಯಾಡಗಿ ಪ್ಯಾಟಿಗೆ ಚೀಲ ಇಳಿಸಿದ್ರ ಟೆಂಡರಿನ್ಯಾಗ 31. 'ಲುಕ್ಸಾನು, ಕೊಡೂದಿಲ್ಲ' ಅಂದೆ. ಖರೇವಂದ್ರ ಲುಕ್ಸಾನ ಎಲ್ಲಿತ್ತು? ಗೊಬ್ಬರ, ಎಣ್ಣಿ, ಆಳಿನ ಪಗಾರ ಎಲ್ಲಾ ಕಳದು ಕೈಯಾಗ ರೊಕ್ಕ ಉಳೀತಿತ್ತು. ನಿಮ್ಮವ್ವ ಅಂದ್ಲು, 'ಈ ವರ್ಷದ ಕಾಯಿಗೆ ಹ್ವಾದ ವರ್ಷದ ರೇಟು ಯಾರು ಕೊಡ್ತಾರ್ರಿ?' ನಾ ಕೇಳಲಿಲ್ಲ. ಕೋಲ್ಡ್ ಸ್ಟೋರೇಜಿಗೆ ಹಾಕಿ, ಬಾಡಿಗಿ ಕೊಟ್ಟು ಕೊಟ್ಟು, ಕಡೀಕ 24ಕ್ಕ ಬಿಟ್ಟೆ.

ಮೊದ್ಲ ಕಿವಿಗೆ ಬಿದ್ದ ನಂಬರಿಗೆ ಜೋತು ಬೀಳೂದು ಒಂದು ರೋಗ, ನೀ ಬಿಟ್ಟು ಹೋದ ಸೈಕಾಲಜಿ ಪುಸ್ತಕದಾಗ ಅದರ ಮಾತೈತಿ. ಟ್ವೆರ್ಸ್ಕಿ, ಕಾಹ್ನೆಮನ್ ಅಂತ ಇಬ್ರು ಸೈಕಾಲಜಿ ಪಂಡಿತ್ರು 1974ರಾಗ ಬರದಾರ. ಜಾತ್ರ್ಯಾಗ ಇರತೈತಲ್ಲ, ಅಂಥಾ ನಂಬರಿನ ಚಕ್ರ ತಿರುಗಿಸ್ಯಾರ. 10ಕ್ಕ ಇಲ್ಲಾ 65ಕ್ಕ ನಿಲ್ಲೂ ಹಂಗ ಮೊದ್ಲ ಹಿಕಮತ್ತು ಮಾಡಿಟ್ಟಿದ್ರು. ಆಮ್ಯಾಲೆ, ವಿಶ್ವಸಂಸ್ಥೆಯೊಳಗ ಆಫ್ರಿಕಾದ ದೇಶ ನೂರಕ್ಕ ಎಷ್ಟು ಅಂತ ಕೇಳಿದ್ರ, 10 ಕಂಡವರ ಅಂದಾಜೆಲ್ಲಾ ಸಾಲಾಗಿ ಇಟ್ರ ನಟ್ಟನಡುವಿಂದು 25, 65 ಕಂಡವರದು 45! ಚಕ್ರಕ್ಕೂ ಆಫ್ರಿಕಾಕ್ಕೂ ಏನ್ ಸಂಬಂಧ? ಗೂಟಕ್ಕ ಕಟ್ಟಿದ ಕರ ಹಗ್ಗ ಇದ್ದಷ್ಟ ದೂರ ಮೇಯ್ತೈತಿ. ನನ್ನ ಗೂಟ 40 ಆಗಿತ್ತು.

ನಿಂದು ಆ 18. ಹುಬ್ಬಳ್ಳ್ಯಾಗ ಅಂಥಾದ್ದ ಕೆಲಸ ಮಾಡೂ ನಾಕು ಮಂದೀನ ಕೇಳು, ಚೀಟ್ಯಾಗ ಒಂದು ನಂಬರ ಬರಕೋ, ಆಮ್ಯಾಲೆ ಫೋನ್ ಎತ್ತು. ಹಳೇ ಸಂಬಳ ಕೇಳಿದ್ರ ಸುಳ್ಳು ಹೇಳಬ್ಯಾಡ, ಆದ್ರ ಚೀಟಿ ನಂಬರ ಮೊದ್ಲ ಹೇಳು.

ತಿಳದ ಮ್ಯಾಲೆ ಗೂಟ ಕಿತ್ತು ಹೋತು ಅನಕೋಬ್ಯಾಡ ಮತ್ತ. ಮೊನ್ನೆ ದುರ್ಗದಬೈಲಿನ್ಯಾಗ ನಿಮ್ಮವ್ವಗ ಇಳಕಲ್ ಸೀರಿ ತಗೊಂಡೆ. ಅಂಗಡಿಯಾಂವ 4,800 ಅಂದ, 3,500ಕ್ಕ ಇಳಿಸಿ ಮೀಸಿ ತಿರುವಿಕೋತ ಬಂದೆ. ನಿಮ್ಮವ್ವ ಸೆರಗು ಮುಟ್ಟಿ ನೋಡಿ, 'ಬಾಜೂ ಮನಿಯಾಕಿ ಇಂಥಾದ್ದ 2,600ಕ್ಕ ತಂದಾಳ' ಅಂದ್ಲು.

ನಿಮ್ಮಪ್ಪ