ಧರ್ಮಕೇಂದ್ರದ ಹೊಣೆ ಹೊತ್ತ ಗೆಳೆಯನಿಗೆ

ಮಂಡ್ಯ

ಪ್ರೀತಿಯ ಗೆಳೆಯ,

ನಿನ್ನನ್ನು ಧರ್ಮಕೇಂದ್ರದ, ಎಂದರೆ ಒಂದು ಚರ್ಚು ಮತ್ತು ಅದರ ಜನರ, ಗುರುವಾಗಿ ನೇಮಿಸಿದ್ದಾರೆಂದು ಓದಿ ಮನೆಯವರಿಗೆಲ್ಲ ಸಂತೋಷವಾಯಿತು. ಅಮ್ಮ ಆಗಲೇ ನಿನ್ನನ್ನು ‘ಫಾದರ್’ ಎಂದು ಬಹುವಚನದಲ್ಲಿ ಕರೆಯತೊಡಗಿದ್ದಾಳೆ. ನನ್ನಿಂದ ಅದಾಗದು, ಬೇಸರಿಸಬೇಡ.

ನಿನ್ನ ಪತ್ರದ ತುಂಬ ಯೋಜನೆಗಳೇ ಇವೆ: ಯುವಕರ ಸಂಘ, ಗಾಯನ ತಂಡ, ಧ್ಯಾನಕೂಟ, ಗಂಟೆಗೋಪುರದ ದುರಸ್ತಿ. ಎಲ್ಲವೂ ಬೇಕಾದವೇ. ಆದರೆ ಸದ್ಯಕ್ಕೆ ಅವನ್ನು ಬದಿಗಿಟ್ಟು ಮನೆಮನೆಗೆ ಹೋಗು ಎಂದು ಕೇಳಿಕೊಳ್ಳುತ್ತೇನೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 529ನೇ ವಿಧಿ ಹೇಳುವುದೂ ಇದನ್ನೇ. ಗುರುವಾದವನು ಕುಟುಂಬಗಳನ್ನು ಭೇಟಿ ಮಾಡಬೇಕು, ಅವರ ಚಿಂತೆ ದುಃಖಗಳಲ್ಲಿ ಪಾಲುಗೊಳ್ಳಬೇಕು, ಬಡವರನ್ನೂ ನೊಂದವರನ್ನೂ ಒಂಟಿಯಾದವರನ್ನೂ ಹುಡುಕಿಕೊಂಡು ಹೋಗಬೇಕು. ನೀನು ಇದನ್ನು ಸೆಮಿನರಿಯಲ್ಲಿ ಓದಿದ್ದೀಯೆ. ನಾನು ಇಲ್ಲಿ ಕಣ್ಣಾರೆ ಕಂಡಿದ್ದೇನೆ.

ನಮ್ಮ ಗುರುಗಳು ಬಂದ ಹೊಸದರಲ್ಲಿ ಹಬ್ಬದ ಪೆಂಡಾಲಿನಿಂದ ಹಿಡಿದು ಕೆಟ್ಟುಹೋದ ಬಲ್ಬಿನವರೆಗೆ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಿದ್ದರು. ಬಹಳ ದುಡಿಯುವ ಮನುಷ್ಯ. ಆದರೂ ಭಾನುವಾರದ ಬಲಿಪೂಜೆಗೆ ಹಿಂದಿನ ಬೆಂಚುಗಳು ಖಾಲಿ. ಗುರುವಿಗೆ ಸಲಹೆ ಕೊಡಲೆಂದು ಜನರೇ ಸೇರುವ ಪಾಲನಾ ಪರಿಷತ್ತಿನ ಸಭೆಯಲ್ಲಿ ಅವರು ಹೇಳಿದ್ದಕ್ಕೆ ನಾವು ತಲೆಯಾಡಿಸಿ ಎದ್ದು ಬರುತ್ತಿದ್ದೆವು.

ಒಂದು ಸಂಜೆ ಅವರೊಂದಿಗೆ ಹಿರಿಯರೊಬ್ಬರ ಮನೆಗೆ ಹೋದೆ. ಹೆಂಡತಿ ತೀರಿಕೊಂಡ ಮೇಲೆ ಆ ಅಜ್ಜ ದೇವಾಲಯದತ್ತ ಮುಖ ಹಾಕಿರಲಿಲ್ಲ. ಜಗಲಿಯಲ್ಲಿ ಕೂತು ಕಬ್ಬು ಕಡಿಯುವ ಮಚ್ಚು ಮಸೆಯುತ್ತಿದ್ದವರು ತಲೆ ಎತ್ತಲೂ ಇಲ್ಲ. ಗುರುಗಳು ಪಕ್ಕದಲ್ಲೇ ನೆಲದ ಮೇಲೆ ಕೂತರು. ಏಕೆ ಬರುತ್ತಿಲ್ಲವೆಂದು ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಅಜ್ಜನೇ ಮಚ್ಚು ಕೆಳಗಿಟ್ಟು, “ಅವಳು ಹಾಸಿಗೆ ಹಿಡಿದಿದ್ದಾಗ ಬಲಿಪೂಜೆಯ ಪರಮಪ್ರಸಾದ ಬೇಕೆಂದು ದಿನವೂ ಕೇಳುತ್ತಿದ್ದಳು. ಯಾರೂ ಬರಲಿಲ್ಲ ಸ್ವಾಮಿ” ಎಂದರು. ಅದು ತಾವು ಬರುವ ಮೊದಲಿನ ಮಾತೆಂದು ಗುರುಗಳು ಜಾರಿಕೊಳ್ಳಬಹುದಿತ್ತು. ಕೈಮುಗಿದು ಕ್ಷಮೆ ಕೇಳಿದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಮುಂದಿನ ಸಭೆಯಿಂದ ಅವರು ಎಲ್ಲರಿಗಿಂತ ಕೊನೆಯಲ್ಲಿ ಮಾತಾಡತೊಡಗಿದರು. ಕಾಯಿಲೆಯವರ ಪಟ್ಟಿಯನ್ನು ಅಕ್ಕಪಕ್ಕದ ಮನೆಗಳು ಸೇರಿದ ಕಿರು ಕ್ರೈಸ್ತ ಸಮುದಾಯಗಳ ಹೆಂಗಸರೇ ಬರೆದುಕೊಡುತ್ತಾರೆ. ಯಾರ ಮನೆಯಲ್ಲಿ ಏನು ಕಷ್ಟವೆಂದು ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಕಬ್ಬು ಕಟಾವಿನ ದಿನಗಳಲ್ಲಿ ಸಂಜೆಯ ಪ್ರಾರ್ಥನೆ ತಡವಾಗಿ ಶುರುವಾಗುತ್ತದೆ. ಪ್ರತಿ ತಿಂಗಳ ಲೆಕ್ಕಪತ್ರ ಬಾಗಿಲ ಬಳಿಯ ಸೂಚನಾ ಫಲಕದಲ್ಲಿರುತ್ತದೆ. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕೆಂಬ ನಿಯಮ ನಿನಗೆ ಗೊತ್ತಿರುವುದೇ. ಆದರೆ ಲೆಕ್ಕ ಜನರ ಕಣ್ಣಿಗೆ ಬಿದ್ದಾಗ ಹುಟ್ಟುವ ನಂಬಿಕೆಯೇ ಬೇರೆ. ಪಾಲನಾ ಪರಿಷತ್ತಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇದೆ, ನಿರ್ಧಾರ ನಿನ್ನದೇ. ಹಾಗಿರುವಾಗ ಮೊದಲ ಮಾತನ್ನಾದರೂ ಅವರಿಗೆ ಬಿಟ್ಟುಕೊಡು.

ನಮ್ಮ ನೆಲದಲ್ಲಿ ಇದೇನೂ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬೋಯ್ ನಮ್ಮವರಂತೆಯೇ ಉಟ್ಟರು, ಉಂಡರು. ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು, ಸತ್ತಿಹಳ್ಳಿಯಲ್ಲಿ ಬಡವರನ್ನು ಬೇಸಾಯಕ್ಕೆ ಹಚ್ಚಿದರು. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಮಿನ ದೇವಾಲಯಕ್ಕೆ ಹೋದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಇನ್ನೊಂದು ಮಾತು, ಇದನ್ನು ಗೆಳೆಯನಾಗಿ ಹೇಳುತ್ತಿದ್ದೇನೆ. ನಮ್ಮ ಗುರುಗಳು ಬೆಳಗಿನ ಜಾವ ಯಾರೂ ಬರುವ ಮೊದಲೇ ಪರಮಪ್ರಸಾದದ ಮುಂದೆ ಕೂತಿರುತ್ತಾರೆ. ಆಗಾಗ ಮೈಸೂರಿಗೆ ಹೋಗಿ ಹಿರಿಯ ಗುರುವೊಬ್ಬರ ಬಳಿ ಪಾಪನಿವೇದನೆ ಮಾಡಿ, ಮನಸ್ಸು ಬಿಚ್ಚಿ ಮಾತಾಡಿ ಬರುತ್ತಾರೆ. ಅವರ ತಾಳ್ಮೆ ಬೆಳೆದದ್ದು ಅಲ್ಲಿಂದ ಎಂದು ನಾನು ನಂಬುತ್ತೇನೆ. ಊರಿನ ದುಃಖವನ್ನೆಲ್ಲ ಕೇಳಿಸಿಕೊಂಡು ರಾತ್ರಿ ಒಬ್ಬನೇ ಊಟಕ್ಕೆ ಕೂರುವುದು ಸುಲಭವಲ್ಲ. ನಿನಗೂ ಅಂಥ ಒಬ್ಬರನ್ನು ಈಗಲೇ ಹುಡುಕಿಕೊ. ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡು.

ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ದೋರನಹಳ್ಳಿಗೆ ಹೋಗುತ್ತಿದ್ದೇವೆ. ಬಿಡುವಾದರೆ ಬಾ, ನಮ್ಮ ಗುರುಗಳ ಪರಿಚಯ ಮಾಡಿಸುತ್ತೇನೆ. ಅಷ್ಟರೊಳಗೆ ನಿನ್ನ ಪರಿಷತ್ತಿನ ಮೊದಲ ಸಭೆಯಲ್ಲಿ ಯಾರು ಏನೆಂದರು ಎಂದು ಬರೆ.

ನಿನ್ನ ಗೆಳೆಯ