ವ್ಯಾಕ್ಸೋ ಸೀಲಂಟೋ: ಕಾರು ಕೊಂಡ ಮಗಳಿಗೆ ದೊಡ್ಡಪ್ಪನ ಕಾಗದ

ಚಿ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಕಾರಿನ ಬಣ್ಣ ಕಾಪಾಡಲು ಏನು ಹಚ್ಚಲಿ ಎಂದು ನೀನು ಕಳಿಸಿದ ಪಟ್ಟಿ ಕೈಸೇರಿತು. ಡಬ್ಬಿ ವ್ಯಾಕ್ಸ್ ಒಂದು, ಬಾಟಲಿ ಸೀಲಂಟ್ ಒಂದು, ಟೆಫ್ಲಾನ್ ಇದೆ ಎಂದು ಬರೆದದ್ದು ಒಂದು, ಸೆರಾಮಿಕ್ ಸ್ಪ್ರೇ ಒಂದು, ಕೊನೆಗೆ ಉಜ್ಜುವುದು, ಹೊಳೆಯಿಸುವುದು, ಕಾಯುವುದು ಎಲ್ಲ ನಾನೇ ಮಾಡುತ್ತೇನೆ ಎನ್ನುವ ಇನ್ನೊಂದು. ಇವುಗಳಲ್ಲಿ ಯಾವುದು ಬೆಸ್ಟು ಎಂದು ಕೇಳಿದ್ದೀಯ. ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟ್ ಬೂತ್‌ನಲ್ಲಿ ಸ್ಪ್ರೇ ಗನ್ ಹಿಡಿದು ತಲೆ ನೆರೆಸಿಕೊಂಡವನು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ ಎಂದುಕೊಂಡಿರಬೇಕು. ಹೇಳಬಹುದು. ಆದರೆ ನೀನು ತಿಂಗಳಿಗೆ ಎಷ್ಟು ಸಲ ಕಾರು ತೊಳೆಯುತ್ತೀಯ, ಹಗಲೆಲ್ಲ ಅದು ಎಲ್ಲಿ ನಿಂತಿರುತ್ತದೆ ಎಂದು ಗೊತ್ತಿಲ್ಲದೆ ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ. ವರ್ಷಕ್ಕೊಮ್ಮೆ ನೆನಪಾದಾಗ ಹಚ್ಚುವ ದುಬಾರಿ ವ್ಯಾಕ್ಸ್‌ಗಿಂತ ತಪ್ಪದೆ ಹಚ್ಚುವ ಸಾಧಾರಣ ಸ್ಪ್ರೇ ಎಷ್ಟೋ ಮೇಲು. ನಿನ್ನ ಅಮ್ಮ ಹೇಳಿದ ಪ್ರಕಾರ ನೀನು ಎರಡು ವಾರಕ್ಕೊಮ್ಮೆ ತೊಳೆಯುವವಳು, ಹಗಲು ಕಾರು ಮರದಡಿ ಅರೆನೆರಳಿನಲ್ಲಿ ನಿಲ್ಲುತ್ತದೆ, ಬಣ್ಣ ಕಪ್ಪು. ಕೊಳ್ಳುವ ಮುಂಚೆ ಕೇಳಿದ್ದರೆ ಕಪ್ಪು ಬೇಡವೇ ಬೇಡ ಎನ್ನುತ್ತಿದ್ದೆ. ಆ ಮಾತು ಈಗ ಬಿಡು.

ಮೊದಲು, ನೀನು ಕಾಪಾಡಲು ಹೊರಟಿರುವುದು ಎಷ್ಟು ತೆಳ್ಳಗಿದೆ ತಿಳಿದುಕೋ. ತಗಡಿನ ಮೇಲೆ ತುಕ್ಕು ತಡೆಯುವ ಅಡಿಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಗಾಜಿನ ಹಾಗೆ ತಿಳಿಯಾದ ಕ್ಲಿಯರ್ ಕೋಟ್. ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಗೂದಲಿನಷ್ಟೂ ದಪ್ಪವಿಲ್ಲ. ಬಿಸಿಲಿನ ನೇರಳಾತೀತ ಕಿರಣ ಹೀರಿಕೊಳ್ಳುವ ರಾಸಾಯನಿಕಗಳನ್ನು ಬೆರೆಸಿರುವುದು ಈ ಪದರದಲ್ಲೇ. ಇದು ಸವೆದು ಹೋದ ಹಳೆಯ ಕಾರುಗಳ ಬಾನೆಟ್ ಮೇಲೆ, ರೂಫ್ ಮೇಲೆ ಬಿಳಿ ಹೊಪ್ಪಳೆ ಎದ್ದಿರುವುದನ್ನು ನೀನು ನೋಡಿರುತ್ತೀಯ. ಅಷ್ಟಾದ ಮೇಲೆ ಯಾವ ಡಬ್ಬಿಯೂ ಕೆಲಸಕ್ಕೆ ಬಾರದು. ಮತ್ತೆ ನಮ್ಮಂಥವರ ಬೂತಿಗೇ ಬರಬೇಕು.

ವ್ಯಾಕ್ಸಾಗಲಿ ಸೀಲಂಟಾಗಲಿ ಈ ಕ್ಲಿಯರ್ ಕೋಟ್‌ನ ಮೇಲೆ ಕೂರುವ, ಮೈಕ್ರಾನ್ ಲೆಕ್ಕಕ್ಕೂ ಸಿಕ್ಕದಷ್ಟು ತೆಳುವಾದ ಪೊರೆ. ಶಾಲೆಯಲ್ಲಿ ಪಠ್ಯಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕುತ್ತಿದ್ದೆಯಲ್ಲ, ಅದೇ ಲೆಕ್ಕ: ಕೊಳೆಯಾಗುವುದು, ಹರಿಯುವುದು ಹೊದಿಕೆ, ಹರಿದಾಗ ಬೇರೆ ಹಾಕಬೇಕು. ಹಕ್ಕಿಯ ಹಿಕ್ಕೆ, ಮರದ ಅಂಟು, ಸತ್ತ ಹುಳುಗಳ ರಸ ಬಣ್ಣವನ್ನು ಮುಟ್ಟುವ ಮುಂಚೆ ಈ ಪೊರೆಯನ್ನು ಮುಟ್ಟುತ್ತವೆ. ಒರೆಸಲು ನಿನಗೆ ಒಂದಿಷ್ಟು ಸಮಯ ಸಿಗುತ್ತದೆ, ಅಷ್ಟೇ. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಕಾದ ಕಪ್ಪು ತಗಡಿನ ಮೇಲೆ ಇಡೀ ದಿನ ಬಿಟ್ಟರೆ ವ್ಯಾಕ್ಸ್ ಇದ್ದರೂ ಕಲೆ ಕೊರೆದೇ ಕೊರೆಯುತ್ತದೆ. ಮರದಡಿ ನಿಲ್ಲಿಸುವವಳು ಕಾರಿನಲ್ಲಿ ಒಂದು ನೀರಿನ ಸ್ಪ್ರೇ ಬಾಟಲಿ, ಒಂದು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡಿರು. ನೆನೆಸಿ, ಎರಡು ನಿಮಿಷ ಬಿಟ್ಟು, ಎತ್ತಿ ತೆಗೆ. ಒಣಗಿದ್ದನ್ನು ಉಜ್ಜಬೇಡ.

ಇನ್ನು ಈ ಪೊರೆಯಿಂದ ಆಗದ ಕೆಲಸಗಳು. ಕಲ್ಲು ಸಿಡಿದರೆ ತಡೆಯದು. ಬೀಗದ ಕೈಯಲ್ಲಿ ಯಾರೋ ಗೀರಿದರೆ ತಡೆಯದು. ಕಲ್ಲೇಟಿಗೆ ಮದ್ದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಫಿಲ್ಮ್, ಅಂದರೆ ಅಂಗಡಿಯವರು ಪಿಪಿಎಫ್ ಎನ್ನುವುದು. ಅದರ ಖರ್ಚೂ ಬೇರೆ, ಲೆಕ್ಕವೂ ಬೇರೆ. ನಿನಗೆ ಈಗ ಬೇಡ.

ಪಟ್ಟಿಯಿಂದ ಮೊದಲು ಹೊಡೆದುಹಾಕಬೇಕಾದದ್ದು ಆ ‘ಎಲ್ಲ ನಾನೇ’ ಎನ್ನುವ ಬಾಟಲಿ. ಅದರಲ್ಲಿ ವ್ಯಾಕ್ಸ್ ಜೊತೆಗೆ ಉಜ್ಜುವ ಪುಡಿಯೂ ಇರುತ್ತದೆ. ಹಚ್ಚಿದ ದಿನ ಕಾರು ಲಕಲಕ ಹೊಳೆಯುತ್ತದೆ, ಏಕೆಂದರೆ ಮೇಲಿನ ಸಣ್ಣ ಗೀರುಗಳ ಜೊತೆ ಕ್ಲಿಯರ್ ಕೋಟನ್ನೂ ಚೂರು ತೆಗೆದಿರುತ್ತದೆ. ಮಬ್ಬಾದ ಕಾರಿಗೆ ಎಂದೋ ಒಮ್ಮೆ ಬಳಸಿದರೆ ತಪ್ಪಿಲ್ಲ. ತಿಂಗಳಿಗೊಮ್ಮೆ ರೂಢಿ ಮಾಡಿಕೊಂಡರೆ ಕಾಪಾಡಲು ಹೊರಟದ್ದನ್ನೇ ತೇಯುತ್ತಿರುತ್ತೀಯ. ಪಾಲಿಶ್, ರಬ್ಬಿಂಗ್ ಕಾಂಪೌಂಡ್ ಇವೆಲ್ಲ ತೆಗೆಯುವ ಸಾಮಾನು. ವ್ಯಾಕ್ಸ್, ಸೀಲಂಟ್ ಸೇರಿಸುವ ಸಾಮಾನು. ಕೆಲವು ಲೇಬಲ್‌ಗಳು ಎರಡನ್ನೂ ಕಲಸಿಬಿಡುತ್ತವೆ. ಬಾಟಲಿಯ ಹಿಂದೆ ‘ಕ್ಲೀನರ್ ವ್ಯಾಕ್ಸ್’ ಎಂದೋ ‘ಗೀರು ತೆಗೆಯುತ್ತದೆ’ ಎಂದೋ ಇದ್ದರೆ ಒಳಗೆ ಪುಡಿ ಇದೆ ಎಂದೇ ತಿಳಿ. (ಗೀರನ್ನು ಎಣ್ಣೆಯಿಂದ ತುಂಬಿ ಮುಚ್ಚುವವೂ ಇವೆ. ಅವುಗಳ ಗುಟ್ಟು ನಾಲ್ಕು ಸಲ ತೊಳೆದರೆ ಬಯಲಾಗುತ್ತದೆ.)

ಡಬ್ಬಿ ವ್ಯಾಕ್ಸ್ ಬಗ್ಗೆ ನನಗೆ ಮೋಹವಿದೆ, ಮುಚ್ಚಿಡುವುದಿಲ್ಲ. ಕಾರ್ನೌಬಾ ಎನ್ನುವುದು ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಎಲೆಯ ಮೇಣ. ಒಣಬಿಸಿಲಿನಲ್ಲಿ ಎಲೆಯ ನೀರು ಆರಿಹೋಗದಂತೆ ಮರ ತಾನೇ ಹಚ್ಚಿಕೊಂಡ ಲೇಪ ಅದು. ಎಲೆ ಕೊಯ್ದು ಒಣಗಿಸಿ, ಬಡಿದು ಮೇಣ ಉದುರಿಸುತ್ತಾರೆ. ಕರಗಬೇಕಾದರೆ 82ರಿಂದ 86 ಡಿಗ್ರಿ ಶಾಖ ಬೇಕು. ಗಿಡಮರಗಳಿಂದ ಸಿಗುವ ಮೇಣಗಳಲ್ಲಿ ಬಹಳ ಗಟ್ಟಿಯಾದದ್ದು. ಹಾಗಾಗಿಯೇ ಶುದ್ಧ ಕಾರ್ನೌಬಾವನ್ನು ಕಾರಿಗೆ ಹಚ್ಚಲು ಬಾರದು. ಡಬ್ಬಿಯಲ್ಲಿರುವುದು ಎಣ್ಣೆ, ದ್ರಾವಕ, ಮೆತ್ತನೆಯ ಬೇರೆ ಮೇಣಗಳ ಜೊತೆ ಕಲಸಿದ್ದು. ‘100 ಪರ್ಸೆಂಟ್ ಕಾರ್ನೌಬಾ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಇಡೀ ಡಬ್ಬಿ ಅದೇ ಎಂದು ನಂಬಬೇಡ. ಒಳಗೆ ಹಾಕಿದ ಚೂರು ಕಾರ್ನೌಬಾ ಮಾತ್ರ ಶುದ್ಧ ಎಂದು ಅದರ ಅರ್ಥ ಇರಬಹುದು. ಕಪ್ಪು, ಕೆಂಪು ಬಣ್ಣಗಳ ಮೇಲೆ ಇದು ಕೊಡುವ ಆಳವಾದ, ತೇವ ಆರದಂಥ ಹೊಳಪು ನನಗೆ ಬೇರೆ ಯಾವುದರಲ್ಲೂ ಕಂಡಿಲ್ಲ. ಆದರೆ ಆಯಸ್ಸು ಕಡಿಮೆ. ಬಯಲಿನಲ್ಲಿ ನಿಲ್ಲುವ ಕಾರಿನ ಮೇಲೆ ಕೆಲವು ವಾರ, ಹೆಚ್ಚೆಂದರೆ ಎರಡು ತಿಂಗಳು. ಕಡುಬಿಸಿಲಿನಲ್ಲಿ ಕಪ್ಪು ಬಾನೆಟ್‌ನ ಶಾಖ 70 ಡಿಗ್ರಿ ದಾಟುವುದುಂಟು, ಕಲಸಿದ ಮೇಣಕ್ಕೆ ಅಷ್ಟು ತಡೆಯುವ ಶಕ್ತಿ ಇಲ್ಲ. ಭಾನುವಾರವೆಲ್ಲ ಕಾರಿನ ಜೊತೆ ಕಳೆಯುವುದೇ ಸುಖ ಎನ್ನುವವರಿಗೆ ವ್ಯಾಕ್ಸ್. ನೀನು ಅವರಲ್ಲಿ ಒಬ್ಬಳಲ್ಲ ಎಂದು ನನಗೆ ಗೊತ್ತು.

ಸೀಲಂಟ್ ಪ್ರಯೋಗಾಲಯದ ಕೂಸು. ಸಿಲಿಕೋನ್ ಜಾತಿಯ ಪಾಲಿಮರ್‌ಗಳು; ಒಳ್ಳೆಯ ಸೀಲಂಟ್‌ಗಳಲ್ಲಿ ಬಣ್ಣಕ್ಕೆ ಬಿಗಿಯಾಗಿ ಹಿಡಿದುಕೊಳ್ಳುವ ಅಮೈನೋ ಸಿಲಿಕೋನ್ ಇರುತ್ತದೆ. ಹೊಳಪು ಸ್ವಲ್ಪ ತೀಕ್ಷ್ಣ, ಕನ್ನಡಿಯ ಥರ, ವ್ಯಾಕ್ಸ್‌ನ ಆ ಆಳ ಇಲ್ಲ. ಆದರೆ ಸುಮ್ಮನೆ ಮೂರರಿಂದ ಆರು ತಿಂಗಳು ನಿಲ್ಲುತ್ತದೆ, ಶಾಖಕ್ಕೂ ಕಾರು ತೊಳೆಯುವ ಶಾಂಪೂಗೂ ಅಷ್ಟು ಬೇಗ ಬಗ್ಗುವುದಿಲ್ಲ. ನಿನಗೆ ಇದೇ ಸರಿ. ಒಂದೇ ಷರತ್ತು, ಹಚ್ಚಿ ಒರೆಸಿದ ಮೇಲೆ ಅದು ಗಟ್ಟಿಯಾಗಲು ಹೊತ್ತು ಬೇಕು. ಬಾಟಲಿಯ ಮೇಲೆ ಬರೆದಿರುತ್ತದೆ, ಬಹುಪಾಲು 12ರಿಂದ 24 ಗಂಟೆ ನೀರು ಸೋಕಬಾರದು. ಸಂಜೆ ಮಳೆ ಬರುವಂತಿದ್ದರೆ ಆ ದಿನ ಕೈಹಾಕಬೇಡ.

ಎರಡನ್ನೂ ಹಚ್ಚಬಹುದೇ ಎಂದು ಕೇಳುತ್ತೀಯ, ಎಲ್ಲರೂ ಕೇಳುತ್ತಾರೆ. ಸೀಲಂಟ್ ಮೊದಲು, ಅದು ಗಟ್ಟಿಯಾದ ಮೇಲೆ ವ್ಯಾಕ್ಸ್. ತಿರುಗಿಸಿದರೆ ಸೀಲಂಟ್ ಮೇಣದ ಎಣ್ಣೆಯ ಮೇಲೆ ಕೂತು ಮೇಣದ ಜೊತೆಗೇ ಹೋಗುತ್ತದೆ. ಮದುವೆ ಮುಂಜಿಗೆ ಹೋಗುವ ಮುಂಚೆ ಕಾರು ಚೆಂದ ಕಾಣಬೇಕೆನಿಸಿದರೆ ಸೀಲಂಟ್ ಮೇಲೆ ಒಮ್ಮೆ ವ್ಯಾಕ್ಸ್ ಎಳೆದುಕೋ. ಐದಾರು ಪದರ ಹಚ್ಚಿದರೆ ಐದಾರು ಪಟ್ಟು ರಕ್ಷಣೆ ಎನ್ನುವುದು ಮಾತ್ರ ಸುಳ್ಳು. ಎರಡನೆಯ ಕೈ ಮೊದಲ ಸಲ ಬಿಟ್ಟುಹೋದ ಜಾಗ ಮುಚ್ಚುತ್ತದೆ, ಆಮೇಲಿನದೆಲ್ಲ ಒರೆಸುವ ಬಟ್ಟೆಗೆ.

ಟೆಫ್ಲಾನ್ ಬಾಟಲಿಗೆ ಹೆಚ್ಚು ಶಾಯಿ ಖರ್ಚು ಮಾಡುವುದಿಲ್ಲ. ನಾನ್‌ಸ್ಟಿಕ್ ತವಾದ ಮೇಲೆ ಆ ವಸ್ತು ಪದರವಾಗಿ ಕೂರಬೇಕಾದರೆ 327 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸಬೇಕು. ನಿನ್ನ ಕಾರಿನ ಬಣ್ಣ ಅದಕ್ಕೆ ಬಹಳ ಮುಂಚೆಯೇ ಸುಟ್ಟುಹೋಗುತ್ತದೆ. ಬಾಟಲಿಯಲ್ಲಿ ಅದರ ಪುಡಿ ಇರಬಹುದು. ಕೆಲಸ ಮಾಡುವುದು ಜೊತೆಗಿರುವ ಸಿಲಿಕೋನ್.

ಸೆರಾಮಿಕ್ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಮಾನು ಮಾರುತ್ತಾರೆ. ಒಂದು, ಸಣ್ಣ ಸೀಸೆಯಲ್ಲಿ ಬರುವ ನಿಜವಾದ ಕೋಟಿಂಗ್. ಗಾಳಿ ತಾಗಿದೊಡನೆ ಗಟ್ಟಿಯಾಗತೊಡಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ಹಚ್ಚುವ ಮುಂಚೆ ಬಣ್ಣದ ಗೀರುಗಳನ್ನೆಲ್ಲ ತೆಗೆದಿರಬೇಕು, ಇಲ್ಲದಿದ್ದರೆ ಗೀರಿನ ಮೇಲೇ ಬೀಗ ಹಾಕಿದಂತೆ. ಒರೆಸುವುದು ತಡವಾಗಿ ಪಟ್ಟೆ ಉಳಿದರೆ ಮತ್ತೆ ಪಾಲಿಶ್ ಹಾಕಿಯೇ ತೆಗೆಯಬೇಕು. ಅದು ಮೊದಲ ಸಲ ಕೈಹಾಕುವವರ ಕೆಲಸವಲ್ಲ. ‘9ಎಚ್ ಗಡಸು’ ಎಂದು ಬರೆದಿರುತ್ತದಲ್ಲ, ಅದು ವಜ್ರದ ಅಳತೆಯಲ್ಲ. ಪೆನ್ಸಿಲ್ ಎಳೆದು ನೋಡುವ ಪರೀಕ್ಷೆಯ ಅಳತೆ. ಕೊಳಕು ಬಟ್ಟೆಯ ಮರಳು ಅದನ್ನೂ ಗೀರುತ್ತದೆ. ಎರಡನೆಯದು ನಿನ್ನ ಪಟ್ಟಿಯಲ್ಲಿರುವ ಸ್ಪ್ರೇ: ಸ್ವಲ್ಪ ಸಿಲಿಕಾ ಬೆರೆಸಿದ, ಸುಲಭದ ಸೀಲಂಟ್ ಎಂದುಕೋ. ಹೆಸರಿನಷ್ಟು ದೊಡ್ಡದಲ್ಲ, ಆದರೂ ನನಗೆ ಇಷ್ಟ. ತೊಳೆದ ಮೇಲೆ ಹತ್ತು ನಿಮಿಷದ ಕೆಲಸ, ಕೆಳಗಿನ ಸೀಲಂಟ್‌ನ ಆಯಸ್ಸನ್ನೂ ಎಳೆಯುತ್ತದೆ.

ಹಾಗಾಗಿ ಪಟ್ಟಿಯಲ್ಲಿ ಎರಡೇ ಉಳಿಯಲಿ, ಬಾಟಲಿ ಸೀಲಂಟ್ ಮತ್ತು ಆ ಸ್ಪ್ರೇ. ಸೀಲಂಟ್ ನಾಲ್ಕು ತಿಂಗಳಿಗೊಮ್ಮೆ, ಸ್ಪ್ರೇ ತಿಂಗಳಿಗೊಮ್ಮೆ. ಮಿಕ್ಕ ದುಡ್ಡಿಗೆ ಒಳ್ಳೆಯ ಮೈಕ್ರೋಫೈಬರ್ ಬಟ್ಟೆ, ತೊಳೆಯುವ ಮಿಟ್ (ಕೈಗವಸು), ಇನ್ನೊಂದು ಬಕೆಟ್ ತೆಗೆದುಕೋ. ಇದನ್ನು ಹೇಳಿದರೆ ಜನಕ್ಕೆ ರುಚಿಸುವುದಿಲ್ಲ, ಆದರೆ ಕಪ್ಪು ಕಾರಿನ ಮೇಲೆ ಬಿಸಿಲಿಗೆ ಕಾಣುವ ಜೇಡರ ಬಲೆಯಂಥ ಗೀರುಗಳು ಬಹುಪಾಲು ಬರುವುದು ಒರೆಸುವಾಗ. ಬೆಳಗ್ಗೆ ಒಣಬಟ್ಟೆಯಲ್ಲಿ ಧೂಳು ಒರೆಸುವ ಅಭ್ಯಾಸ ಇದ್ದರೆ ಇವತ್ತೇ ಬಿಡು. ಬರೀ ನೀರು ಹಾಯಿಸಿ ಮಣ್ಣು ಇಳಿಸಬೇಕು, ಆಮೇಲೆ ಶಾಂಪೂ. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಮಿಟ್ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ, ಚಕ್ರ ಕೊನೆಗೆ. ಧೂಳು ಕೂತ ಕಾರಿಗೆ ಕವರ್ ಎಳೆಯುವುದೂ ಒಣಬಟ್ಟೆಯಲ್ಲಿ ಉಜ್ಜಿದ ಹಾಗೇ.

ಸೀಲಂಟ್ ಹಚ್ಚುವ ದಿನ ಇನ್ನೊಂದು ಕೆಲಸ ಇದೆ. ತೊಳೆದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಸವರಿ ನೋಡು. ಬರಿಗೈಗೆ ನುಣುಪು ಎನಿಸಿದ್ದು ಚೀಲದೊಳಗಿನ ಬೆರಳಿಗೆ ತರಿತರಿ ಎನಿಸಿದರೆ, ಬ್ರೇಕಿನ ಕಬ್ಬಿಣದ ಪುಡಿ, ಮರದ ಅಂಟು ಕಚ್ಚಿಕೊಂಡಿವೆ. ಅದಕ್ಕೆ ಕ್ಲೇ ಬಾರ್, ಅಂದರೆ ಕಚ್ಚಿದ ಕೊಳೆಯನ್ನು ಎಳೆದು ತೆಗೆಯುವ ಜೇಡಿಮಣ್ಣಿನಂಥ ಮುದ್ದೆ, ಜೊತೆಗೆ ಅದು ಜಾರುವಂತೆ ಧಾರಾಳವಾಗಿ ಶಾಂಪೂ ನೀರು. ಕ್ಲೇ ಕೆಳಗೆ ಬಿದ್ದರೆ ಆ ತುಂಡನ್ನು ಎಸೆದುಬಿಡು, ಕನಿಕರ ಬೇಡ. ಕ್ಲೇ ಹಳೆಯ ವ್ಯಾಕ್ಸನ್ನೂ ಎಳೆದುಕೊಂಡು ಹೋಗುತ್ತದೆ, ಅದು ಈಗ ನಮಗೆ ಬೇಕಾದದ್ದೇ. ಆಮೇಲೆ ನೆರಳಿನಲ್ಲಿ, ತಗಡು ತಣ್ಣಗಿರುವಾಗ, ಒಂದೊಂದೇ ಪ್ಯಾನೆಲ್‌ಗೆ ತೆಳುವಾಗಿ ಹಚ್ಚು. ಕಣ್ಣಿಗೆ ಕಂಡೂ ಕಾಣದಷ್ಟು. ಮಬ್ಬಾದ ಮೇಲೆ ಬೆರಳಲ್ಲಿ ಒಂದು ಗೆರೆ ಎಳೆ. ಗೆರೆ ಸ್ವಚ್ಛವಾಗಿ ಬಂದರೆ ಒರೆಸಬಹುದು, ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೆ ತಾಗಿಸಬೇಡ, ಒಣಗಿದ ಬಿಳಿ ಗುರುತು ಹೋಗುವುದು ಕಷ್ಟ.

ನೀರು ಮುತ್ತುಮುತ್ತಾಗಿ ನಿಂತರೆ ರಕ್ಷಣೆ ಇದೆ ಎಂದು ಅಂಗಡಿಯಲ್ಲಿ ತೋರಿಸುತ್ತಾರೆ. ಹನಿ ದುಂಡಗಾಗುವುದು ಮೇಲ್ಮೈ ನೀರನ್ನು ದೂಡುತ್ತಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಪೊರೆಯ ಮೇಲೆ ಕೊಳೆ ಕೂತರೂ ಹನಿ ಚಪ್ಪಟೆಯಾಗುತ್ತದೆ, ಒಮ್ಮೆ ಚೆನ್ನಾಗಿ ತೊಳೆದರೆ ಮತ್ತೆ ದುಂಡಗಾಗುತ್ತದೆ. ತೊಳೆದ ಮೇಲೂ ನೀರು ಚಪ್ಪಟೆಯಾಗಿ ಹರಡಿಯೇ ಇದ್ದರೆ ಸೀಲಂಟ್ ಮುಗಿದಿದೆ ಎಂದುಕೋ. ದುಂಡು ಹನಿಗಳದ್ದು ಇನ್ನೊಂದು ತಾಪತ್ರಯ: ಗಡಸು ನೀರಿನ ಹನಿ ಬಿಸಿಲಲ್ಲಿ ಆರಿದರೆ ಸುಣ್ಣದ ಉಂಗುರ ಉಳಿಯುತ್ತದೆ. ತೊಳೆದ ಕಾರನ್ನು ತಾನೇ ಒಣಗಲು ಬಿಡಬೇಡ.

ಕೊನೆಯದಾಗಿ ಮುಂದಿನ ಬಂಪರ್ ವಿಷಯ. ಹಳೆಯ ಮಾಲೀಕರು ಮಾರುವ ಮುಂಚೆ ಅದಕ್ಕೆ ಹೊಸ ಬಣ್ಣ ಹೊಡೆಸಿದ್ದಾರೆ ಎಂದು ಬರೆದಿದ್ದೀಯ. ಕಾರ್ಖಾನೆಯಲ್ಲಿ ಬಾಡಿಯ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ, ಹೊರಬಂದ ದಿನವೇ ಏನು ಬೇಕಾದರೂ ಹಚ್ಚಬಹುದು. ನಮ್ಮ ಬೂತ್‌ಗಳಲ್ಲಿ ಸುಮಾರು 60 ಡಿಗ್ರಿ ಅಷ್ಟೇ. ಒಳಗಿನ ದ್ರಾವಕ ಆರಿ ಹೊರಹೋಗಲು ವಾರಗಳು ಹಿಡಿಯುತ್ತವೆ. ಪೇಂಟ್ ತಯಾರಕರು ಸಾಮಾನ್ಯವಾಗಿ 30ರಿಂದ 90 ದಿನ ಕಾಯಲು ಹೇಳುತ್ತಾರೆ. ಹಳೆಯ ಮಾಲೀಕರಿಗೆ ಫೋನ್ ಮಾಡಿ ಬಣ್ಣ ಹೊಡೆಸಿದ ತಾರೀಖು, ಯಾವ ಕ್ಲಿಯರ್ ಕೋಟ್ ಎಂದು ವಿಚಾರಿಸಿ ನನಗೆ ತಿಳಿಸು. ಅಲ್ಲಿಯವರೆಗೆ ಬಂಪರ್ ಒಂದನ್ನು ಬಿಟ್ಟು ಉಳಿದದ್ದಕ್ಕೆ ಹಚ್ಚು, ಬಂಪರ್‌ಗೆ ಬರೀ ಶಾಂಪೂ ನೀರು.

ಇಂತಿ,
ನಿನ್ನ ದೊಡ್ಡಪ್ಪ