ಉದ್ಘಾಟನೆ ಮುಗಿದ ಮೇಲೂ ಬೆಳೆಯುವ ಕೃತಿಗಳು

ಮಾನ್ಯ ಸಂಪಾದಕರೇ,

ಕಾಡು, ಮರಗಳನ್ನೇ ವಸ್ತುವಾಗಿಸಿಕೊಂಡ ಕಲಾಕೃತಿಗಳ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರುವುದು ಸಾಮಾನ್ಯವಾಗಿ ಒಂದೇ ಸಲ, ಉದ್ಘಾಟನೆಯ ಮರುದಿನ. ಗಣ್ಯರು ಸಸಿಗೆ ನೀರೆರೆಯುವ ಫೋಟೊ, ಕಲಾವಿದರ ನಾಲ್ಕು ಮಾತು, ಅಲ್ಲಿಗೆ ಮುಗಿಯಿತು. ಕಲ್ಲಿನ ಶಿಲ್ಪಕ್ಕಾದರೆ ಅಷ್ಟು ಸಾಕು. ಮರವೇ ಕೃತಿಯಾದಾಗ ಸಾಲದು.

1982ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ಕಲಾವಿದ ಜೋಸೆಫ್ ಬೋಯ್ಸ್ 7,000 ಬಸಾಲ್ಟ್ ಕಲ್ಲುಕಂಬಗಳನ್ನು ವಸ್ತುಸಂಗ್ರಹಾಲಯದ ಮುಂದೆ ರಾಶಿ ಹಾಕಿಸಿದರು. ಊರಿನಲ್ಲಿ ಎಲ್ಲಾದರೂ ಒಂದು ಗಿಡ ನೆಟ್ಟರೆ ಮಾತ್ರ ಒಂದು ಕಲ್ಲು ರಾಶಿಯಿಂದ ಕದಲಿ ಆ ಗಿಡದ ಪಕ್ಕ ನಿಲ್ಲಬೇಕು. ರಾಶಿ ಕರಗಲು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ, 1986ರಲ್ಲಿ, ಬೋಯ್ಸ್ ತೀರಿಕೊಂಡಿದ್ದರು. ಕೊನೆಯ ಗಿಡ ನೆಟ್ಟವರು ಅವರ ಮಗ. ನೆಟ್ಟ ಹೊಸದರಲ್ಲಿ ಎದ್ದು ಕಾಣುತ್ತಿದ್ದದ್ದು ಕಲ್ಲು, ಗಿಡ ಬರೀ ಕಡ್ಡಿಯಂತಿತ್ತು. ಈಗ ಮರದ ನೆರಳಿನಲ್ಲಿ ಕಲ್ಲು ಕುಳ್ಳಗೆ ನಿಂತಿದೆ. ಈ ಅದಲುಬದಲನ್ನು ಮೊದಲ ದಿನದ ಯಾವ ಫೋಟೊ ತಾನೇ ತೋರಿಸೀತು?

ಇಟಲಿಯ ಜುಸೆಪ್ಪೆ ಪೆನೋನೆ ಅವರ 1968ರ ಕೃತಿ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಎಳೆಯ ಮರವೊಂದರ ಕಾಂಡವನ್ನು ಅವರು ಹಿಡಿದುಕೊಂಡರು. ಹಿಡಿದ ಜಾಗದಲ್ಲೇ ತಮ್ಮ ಕೈಯ ಲೋಹದ ಅಚ್ಚನ್ನು ಬಿಗಿದು ಬಿಟ್ಟರು. ಮರ ಬೆಳೆಯಿತು, ಆದರೆ ಕೈ ಸಡಿಲಲಿಲ್ಲ. ವರ್ಷ ಕಳೆದಂತೆ ಬೆರಳುಗಳ ಸುತ್ತ ಕಾಂಡ ಉಬ್ಬಿ, ಹಿಡಿದ ಕೈಯನ್ನೇ ಮರ ನುಂಗತೊಡಗಿತು. ಕಾಡಿಗೂ ನಮಗೂ ಇರುವ ನಂಟನ್ನು ಇಷ್ಟು ನೇರವಾಗಿ ಹೇಳಿದ ಭಾಷಣವನ್ನು ನಾನು ಕೇಳಿಲ್ಲ.

ಇನ್ನು ಫಿನ್ಲೆಂಡಿನಲ್ಲಿ ಆಗ್ನೆಸ್ ಡೆನೆಸ್ ಅವರು 1992ರಿಂದ 1996ರವರೆಗೆ ಕಟ್ಟಿದ ಗುಡ್ಡದ ಮೇಲೆ 11,000 ಜನ 11,000 ಮರ ನೆಟ್ಟರು. ನೆಟ್ಟವರಿಗೆಲ್ಲ ಪಾಲಕರೆಂಬ ಪ್ರಮಾಣಪತ್ರ ಸಿಕ್ಕಿತು. ಆ ಕಾಡನ್ನು 400 ವರ್ಷ ಕಾಯಬೇಕೆಂಬುದು ಒಪ್ಪಂದ. ವೇಲ್ಸ್‌ನಲ್ಲಿ ಡೇವಿಡ್ ನ್ಯಾಶ್ 1977ರಲ್ಲಿ ವೃತ್ತಾಕಾರವಾಗಿ ನೆಟ್ಟು, ದಶಕಗಟ್ಟಲೆ ಬಗ್ಗಿಸಿ ಗುಮ್ಮಟವಾಗಿಸಿದ 22 ಆ್ಯಶ್ ಮರಗಳಿಗಾದರೋ ಈಗ ಶಿಲೀಂಧ್ರ ರೋಗ ತಗುಲಿದೆ. ಅದೂ ಸುದ್ದಿಯೇ ಅಲ್ಲವೇ?

ಹಾಗಾಗಿ ನನ್ನ ವಿನಂತಿ ಇಷ್ಟೇ. ಇಂಥ ಕೃತಿಯ ಉದ್ಘಾಟನೆಯನ್ನು ವರದಿ ಮಾಡಿದವರನ್ನು ಐದು ವರ್ಷ ಬಿಟ್ಟು ಮತ್ತೆ ಅದೇ ಜಾಗಕ್ಕೆ ಕಳಿಸಿ. ಎಷ್ಟು ಗಿಡ ಉಳಿದಿವೆ, ಬೇಸಿಗೆಯಲ್ಲಿ ನೀರು ಹೊತ್ತವರು ಯಾರು, ಯಾವ ಹಕ್ಕಿ ಬಂದು ಗೂಡು ಕಟ್ಟಿದೆ ಎಂದು ಬರೆಸಿ. ಹಳೆಯ ಫೋಟೊ, ಹೊಸ ಫೋಟೊ ಎರಡನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕಿ.

ಇತಿ,
ಕಲಾಪುಟದ ಕಾಯಂ ಓದುಗ